ನರ ನೋವಿಗೆ 21 ಸಿಟ್ಟಿಂಗ್ ಪ್ಯಾಕೇಜ್: ದುಡ್ಡು ಕಟ್ಟೋ ಮುಂಚೆ ಓದಿ

ಡೊಂಬಿವಲಿ, ಠಾಣೆ ಕಡೆಯ ಕನ್ನಡದವರೇ, ಸೊಂಟದಿಂದ ಕಾಲಿಗೆ ಸೆಳೆತ ಇಳೀತಾ ಇದ್ರೆ, ಮುಟ್ಟಿ ನೋಡದೆ ಪ್ಯಾಕೇಜ್ ಹೇಳೋ ಕಡೆ ಒಂದು ರೂಪಾಯಿನೂ ಮುಂಗಡ ಕೊಡಬೇಡಿ. ಅಮ್ಮನಿಗೋಸ್ಕರ ಒಂದು ಫಿಸಿಯೋಥೆರಪಿ ಸೆಂಟರ್‌ನಲ್ಲಿ 12,600 ರೂಪಾಯಿ ಒಂದೇ ಸಲ ಕಟ್ಟಿದೆವು. ಎಂಆರ್‌ಐ ಫಿಲ್ಮ್ ಕವರಿಂದ ಹೊರಗೇ ಬರಲಿಲ್ಲ. "ಕಾಕೂ, ನಸ ದಬಲೀ ಆಹೆ" (ಚಿಕ್ಕಮ್ಮಾ, ನರ ಒತ್ತಿದೆ) ಅಂತ ಮರಾಠಿಯಲ್ಲಿ ಅಂದರು. ಅಷ್ಟೇ ಪರೀಕ್ಷೆ.

ಮಾಡಬೇಕಾದ್ದು ಇಷ್ಟು: ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿ, ಎಷ್ಟು ಎತ್ತರಕ್ಕೆ ಸೆಳೆತ ಬರುತ್ತೆ ನೋಡೋದು. ಹಿಮ್ಮಡಿ ಮೇಲೆ, ಆಮೇಲೆ ತುದಿಗಾಲಲ್ಲಿ ನಡೆಸೋದು. ತುದಿಗಾಲಲ್ಲಿ ಆಗದಿದ್ರೆ, ಬೆನ್ನಿನ ಕೆಳತುದಿಯಿಂದ ಮೀನಖಂಡ, ಪಾದಕ್ಕೆ ಇಳಿಯೋ ಎಸ್1 ನರದ ಅನುಮಾನ. ಹತ್ತಿಯಿಂದ ಪಾದ ಮುಟ್ಟಿ ಸ್ಪರ್ಶ ನೋಡೋದು. ಹತ್ತು ನಿಮಿಷದ ಕೆಲಸ. ಒಂದೂ ಮಾಡಲಿಲ್ಲ, ಒಂದೂ.

ದಿನಾ ಹಾಟ್ ಪ್ಯಾಕು, 20 ನಿಮಿಷ ಕರೆಂಟು, ಮನೆಗೆ. ಆ ಕರೆಂಟು ಕೊಡೋ ಟೆನ್ಸ್ ಯಂತ್ರ ಸ್ವಲ್ಪ ಹೊತ್ತು ನೋವು ತಗ್ಗಿಸುತ್ತೆ, ಒತ್ತಿದ ನರ ಬಿಡಿಸಲ್ಲ. ಶುಗರ್ ಇದೆ, ಮೀನಖಂಡ ಜೋಮು ಹಿಡಿದಿದೆ ಅಂತ ಹೇಳಿದ ಮೇಲೂ ಅಲ್ಲಿಗೇ ಒಂದೇ ಪದರ ಟವೆಲ್ ಸುತ್ತಿ ಪ್ಯಾಕ್ ಇಟ್ಟರು. ಅದು 70 ಡಿಗ್ರಿ ದಾಟಿದ ನೀರಿನಿಂದ ಬರೋದು, ಆರೆಂಟು ಪದರ ಬೇಕು. ಸಂಜೆಗೆ ಎಂಟಾಣೆ ಅಗಲದ ಬೊಬ್ಬೆ. ಅಮ್ಮನಿಗೆ ಉರಿಯೇ ಗೊತ್ತಾಗಿರಲಿಲ್ಲ.

ಎಂಟನೇ ಸಿಟ್ಟಿಂಗ್ ಹೊತ್ತಿಗೆ, ತೊಡೆಯಲ್ಲಿದ್ದ ನೋವು ಕಾಲಿನ ಕಿರುಬೆರಳಿಗೆ ಇಳಿದಿತ್ತು. ಮಂಡಿಯನ್ನು ಎದೆಗೆ ಎಳೆಯೋ ವ್ಯಾಯಾಮ ಮಾಡಿಸ್ತಿದ್ದರು. ಎಷ್ಟೋ ಡಿಸ್ಕ್ ತೊಂದರೆಯಲ್ಲಿ ಬಗ್ಗಿದಷ್ಟೂ ನರ ಕೆರಳುತ್ತೆ. ಕೇಳಿದ್ದಕ್ಕೆ, "ಒಳ್ಳೇ ಲಕ್ಷಣ, ನಸ ಮೋಕಳೀ ಹೋತೇಯ್" (ನರ ಸಡಿಲ ಆಗ್ತಿದೆ) ಅಂದರು. ನಾವೂ ತಲೆಯಾಡಿಸಿ ಬಂದೆವು. ಈಗಲೂ ನಾಚಿಕೆಯಾಗೋದು ಅದಕ್ಕೇ. ಮಾತು ಪೂರ್ತಿ ತಲೆಕೆಳಗು! ನೋವು ಪಾದದಿಂದ ಸೊಂಟದ ಕಡೆ ಹಿಂದೆ ಸರಿದ್ರೆ ಸುಧಾರಣೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನಿಸಿದರೂ ಸರಿ. ಕೆಳಕ್ಕೆ ಇಳಿದ್ರೆ ಮಾಡ್ತಿರೋ ವ್ಯಾಯಾಮ ನಿಲ್ಲಿಸಬೇಕು.

ದುಡ್ಡು ವಾಪಸ್ ಕೇಳಿದೆವು. "ಕಾಕೂ ಬರದಿದ್ರೆ ಮನೆಯಲ್ಲಿ ಬೇರೆ ಯಾರಾದ್ರೂ ಬಂದು ಉಳಿದ 13 ತಗೊಳ್ಳಿ." ನೋವೇ ಇಲ್ಲದವರಿಗೂ ಕರೆಂಟು ಕೊಡ್ತೀವಿ ಅಂತಾರಲ್ಲ, ಇದಕ್ಕೆ ಚಿಕಿತ್ಸೆ ಅನ್ನಬೇಕಾ? ಬೊಬ್ಬೆಯ ಫೋಟೋ ಕಳಿಸಿದರೆ, "ಮನೆಯಲ್ಲೇ ಆಗಿರಬೇಕು." ರಸೀದಿಯಲ್ಲಿ ಚಿಕಿತ್ಸೆ ಕೊಟ್ಟವರ ಹೆಸರಿಲ್ಲ, ಬರೀ ಮೊಹರು.

ಸಿಟ್ಟಿಂಗ್ ಆದ ಮೇಲೆ ಆ ದಿನದ ದುಡ್ಡು ಕೊಡಿ, ಹೆಸರು ಬರೆದ ರಸೀದಿ ತಗೊಳ್ಳಿ. ಪಾದ ಮೇಲೆತ್ತೋಕೆ ಆಗದಿದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಯಾವ ಸಿಟ್ಟಿಂಗೂ ಬೇಡ. ಅವತ್ತೇ ಮುಂಬೈ ಪಾಲಿಕೆ ಆಸ್ಪತ್ರೆಗಳಾದ ಸಾಯನ್‌ಗೋ ಕೆಇಎಂಗೋ ಕರ್ಕೊಂಡು ಹೋಗಿ, ರಾತ್ರಿಯಾದರೂ ಸರಿ.