ಡೀಸೆಲ್ ಪಂಪಿಗೊಂದು ರಿಲೇ: ಮೂರು ಮಳೆಗಾಲ ಕಳೆದ ಮೇಲೆ

ನನ್ನ ಹಳೇ ಡೀಸೆಲ್ ಜೀಪಿನ ಲಿಫ್ಟ್ ಪಂಪಿಗೆ (ಟ್ಯಾಂಕಿನಿಂದ ಇಂಜಿನ್ನಿನ ಕಡೆಗೆ ಡೀಸೆಲ್ ಎಳೆದು ಕೊಡುವ ಪಂಪು) ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು, ಹಾಕಿಸಿ ಮೂರು ಮಳೆಗಾಲ ಆಯಿತು. ಸಕಲೇಶಪುರದ ಕಡೆಯ ಮಳೆ ಗೊತ್ತಲ್ಲ, ಬಾನೆಟ್ ಒಳಗೂ ಪಸೆ ಆರುವುದಿಲ್ಲ. ಅದನ್ನು ತಡೆದುಕೊಳ್ಳುತ್ತದಾ ನೋಡೋಣ ಎಂದು ಇಷ್ಟು ದಿನ ಬರೆದಿರಲಿಲ್ಲ.

ಇಂಜಿನ್ನಿಗೆ ಅಂಟಿಕೊಂಡಿದ್ದ ಹಳೇ ಪಂಪಿನ ಡಯಾಫ್ರಂ ಹರಿದು ಡೀಸೆಲ್ ಇಂಜಿನ್ ಆಯಿಲಿಗೆ ಇಳಿಯುತ್ತಿತ್ತು. ಅದನ್ನು ತೆಗೆದು 12 ವೋಲ್ಟಿನ, ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿಸಿದೆ. (ಪೆಟ್ರೋಲ್ ಇಂಜೆಕ್ಷನ್ ಕಾರಿನ ಪಂಪ್ ಸಿಕ್ಕಿತೆಂದು ಹಾಕಬೇಡಿ. ಆ ಒತ್ತಡಕ್ಕೆ ಸೀಲ್ ಹೋದೀತು.) ಕರೆಂಟಿಗೆ ಇಗ್ನಿಷನ್ ಕೀಯಿಂದಲೇ ವೈರ್ ಎಳೆದದ್ದು ತಪ್ಪಾಯಿತು. ಚಾರ್ಮಾಡಿ ಘಾಟಿ ಏರುವಾಗ ಗಾಡಿಗೆ ಉಬ್ಬಸ. ಲೈಟು, ವೈಪರ್ ಹಾಕಿದರೆ ಇನ್ನೂ ಜಾಸ್ತಿ. ಪಂಪನ್ನು ಬೈದೆ, ಫಿಲ್ಟರ್ ಬದಲಾಯಿಸಿದೆ, ಎರಡು ಸಲ ಏರ್ ತೆಗೆಸಿದೆ. ಕೊನೆಗೆ ಇಂಜಿನ್ ಆಫ್ ಇಟ್ಟು, ಕೀ ಆನ್ ಮಾಡಿ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಪಂಪಿನ ಹತ್ತಿರ 10.3! ಸವೆದ ಕೀ ಸ್ವಿಚ್ಚು ಮತ್ತು ಸಪೂರ ವೈರು ಉಳಿದದ್ದನ್ನು ನುಂಗುತ್ತಿದ್ದವು. ಪಂಪು ಪಾಪದ್ದು.

ರಿಲೇ ಹಾಕಿದರೆ ಕೀ ಸ್ವಿಚ್ಚಿಗೆ ಆ ಹೊರೆಯಿಲ್ಲ. ರಿಲೇಯೊಳಗಿನ ಕಾಯಿಲನ್ನು (ಸ್ವಿಚ್ಚನ್ನು ಎಳೆಯುವ ವೈರಿನ ಸುರುಳಿ) ಎಬ್ಬಿಸಲು ಕಾಲು ಆಂಪ್ ಕೂಡ ಬೇಡ. ಪಂಪಿನ ಕರೆಂಟು ಬ್ಯಾಟರಿಯಿಂದ ನೇರ ಬರುತ್ತದೆ. ರಿಲೇಯ ಪಿನ್ನುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿ, 87ಕ್ಕೆ ಪಂಪ್, 86ಕ್ಕೆ ಕೀ ವೈರ್, 85ಕ್ಕೆ ಅರ್ತ್. 10 ಆಂಪ್ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ದೂರ ಇಟ್ಟರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇಲ್ಲ.

ಮೊದಲು ಸಿಕ್ಕಿದ್ದು ಐದು ಪಿನ್ನಿನ ರಿಲೇ. ಎಲೆಕ್ಟ್ರಿಷಿಯನ್ ಹುಡುಗ ಪಂಪಿನ ವೈರನ್ನು ನಡುವಿನ 87ಎಗೆ ಸಿಕ್ಕಿಸಿ ಹೋದ. ಆ ಪಿನ್ ಉಲ್ಟಾ: ಕೀ ಆಫ್ ಇದ್ದಾಗಲೇ ಕರೆಂಟು ಕೊಡುತ್ತದೆ. ಕತ್ತಲಾಗಿತ್ತು, ಓಡಿಸಿ ನೋಡಲಿಲ್ಲ. ರಾತ್ರಿ ಶೆಡ್ಡಿನಲ್ಲಿ ಟಿಕ್ ಟಿಕ್ ಕೇಳಿಸಿತು. ಹಲ್ಲಿ ಇರಬೇಕು ಎಂದು ಮಲಗಿದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬ್ಯಾಟರಿ ಪೂರ್ತಿ ಕುಳಿತಿತ್ತು.

ಆಮೇಲೆ ಹಾಕಿದ್ದು ಹಾರ್ನ್‌ಗೆ ಬಳಸುವ ಮಾಮೂಲಿ ನಾಲ್ಕು ಪಿನ್ನಿನದು, 200 ರೂಪಾಯಿ ಚಿಲ್ಲರೆ. ಪಂಪಿಗೆ 12.3 ವೋಲ್ಟ್ ಸಿಕ್ಕಿತು. ಘಾಟಿಯ ಉಬ್ಬಸ ಅವತ್ತಿಗೇ ಹೋಯಿತು. ಎರಡನೇ ಮಳೆಗಾಲದಲ್ಲಿ ಮಾತ್ರ ರಿಲೇ ಟರ್ ಟರ್ ಎಂದು ಒದರತೊಡಗಿತು. ಕೆಟ್ಟಿದ್ದು ಅದಲ್ಲ. 85ರ ಅರ್ತ್ ಬೋಲ್ಟಿಗೆ ಕಿಲುಬು ಹಿಡಿದಿತ್ತು. ಪೇಂಟ್ ಕೆರೆದು ಬೋಲ್ಟ್ ಬಿಗಿದು, ಗ್ರೀಸ್ ಸವರಿದೆ. ರಿಲೇಯನ್ನು ಎತ್ತರಕ್ಕೆ ಸರಿಸಿ ಪಿನ್ನುಗಳು ಕೆಳಮುಖ ಆಗುವಂತೆ ಕೂರಿಸಿದೆ. ಆಮೇಲೆ ತಕರಾರಿಲ್ಲ.

ಒಂದು ಅಳುಕು ಉಳಿದಿತ್ತು. ಇಂಜಿನ್ ನಿಂತರೂ ಕೀ ಆನ್ ಇದ್ದರೆ ಪಂಪ್ ಓಡುತ್ತಲೇ ಇರುತ್ತದೆ. ಗಾಡಿ ಮಗುಚಿ ಪೈಪ್ ಹರಿದರೆ? ಮೂಲೆಗೆ ಎಸೆದಿದ್ದ ಆ ಐದು ಪಿನ್ನಿನ ರಿಲೇ ಇಲ್ಲಿ ಕೆಲಸಕ್ಕೆ ಬಂತು. ಮೊದಲನೆಯದರ 87ರಿಂದ ಇದರ 30ಕ್ಕೆ, ಇದರ 87ಎಯಿಂದ ಪಂಪಿಗೆ. 86ಕ್ಕೆ ಕೀ ವೈರು, 85 ಆಯಿಲ್ ಲೈಟಿನ ಸ್ವಿಚ್ಚಿಗೆ. ಆಯಿಲ್ ಪ್ರೆಶರ್ ಇಲ್ಲದಾಗ ಆ ಸ್ವಿಚ್ಚು ಅರ್ತ್ ಕೊಡುತ್ತದೆ, ರಿಲೇ ಎಳೆದುಕೊಳ್ಳುತ್ತದೆ, ಪಂಪ್ ಬಂದ್. ಪ್ರೆಶರ್ ಬಂದ ಕೂಡಲೇ ಪಂಪ್ ಶುರು. ಫಿಲ್ಟರ್ ಬದಲಿಸಿದಾಗ ಏರ್ ತೆಗೆಯಲು ಬೇರೆ ಪುಶ್ ಬಟನ್ ಇಟ್ಟುಕೊಂಡಿದ್ದೇನೆ.

ಗಾಡಿಯಲ್ಲಿ ಒಂದು ಸ್ಪೇರ್ ರಿಲೇ ಸದಾ ಇರುತ್ತದೆ. ಅದೂ ಇಲ್ಲದಿದ್ದರೆ ಹಾರ್ನಿನದನ್ನೇ ಕಿತ್ತು ನಾಲ್ಕು ಪಿನ್ನಿನದರ ಜಾಗಕ್ಕೆ ಹಾಕಿ ಮನೆ ಸೇರಬಹುದು. ಚಾರ್ಮಾಡಿಯ ತಿರುವಿನಲ್ಲಿ ಹಾರ್ನ್ ಇಲ್ಲದೆ ಇಳಿಯುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.