ಜೋಡಿ ಲೋಲಕದ ಕಿಟ್: ನ್ಯೂಟ್ರಿನೊ ಪಾಠಕ್ಕೆ ಸರಿ, ಕೈಪಿಡಿ ಮಾತ್ರ ತಪ್ಪು

ಬಳ್ಳಾರಿಯಲ್ಲಿ ಪಿಯು ಕಾಲೇಜುಗಳಿಗೆ ಲ್ಯಾಬ್ ಸಾಮಾನು ಪೂರೈಸುವ ಅಂಗಡಿಯಲ್ಲಿ ಸಿಗುವ ಕಿಟ್ ಇದು. ಎರಡು ಹಿತ್ತಾಳೆ ಗುಂಡು, ಕಬ್ಬಿಣದ ಸ್ಟ್ಯಾಂಡ್, ಹತ್ತಿ ದಾರ, ನಾಲ್ಕು ಪುಟದ ಕೈಪಿಡಿ. ನ್ಯೂಟ್ರಿನೊ ಎಂಬ ಅತಿ ಹಗುರ ಕಣ ಸಾಗುತ್ತ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗಿ ಮತ್ತೆ ಮರಳುವುದೇ ನ್ಯೂಟ್ರಿನೊ ಆಂದೋಲನ. ಅದನ್ನು ಮೇಜಿನ ಮೇಲೆ ತೋರಿಸಲು ಇಷ್ಟು ಸಾಕು.

ಹತ್ತಿ ದಾರವನ್ನು ಮೊದಲು ಬದಲಿಸಿ. ಅದು ಭಾರಕ್ಕೆ ಜಗ್ಗಿ, ಮರುದಿನ ಎರಡರ ಉದ್ದ ಬೇರೆಬೇರೆಯಾಗಿರುತ್ತದೆ. ಜೀನ್ಸ್ ಹೊಲಿಯುವ ಪಾಲಿಯೆಸ್ಟರ್ ದಾರ ಜಗ್ಗುವುದಿಲ್ಲ, ನಮ್ಮೂರಲ್ಲಿ ಅದಕ್ಕೇನೂ ಕೊರತೆಯಿಲ್ಲ. ಅಡ್ಡದಾರವನ್ನು ಸ್ವಲ್ಪ ಜೋಲು ಬಿಟ್ಟು ಕಟ್ಟಿ, ಅದರಿಂದ ಎರಡೂ ಗುಂಡುಗಳನ್ನು ಒಂದೇ ಉದ್ದಕ್ಕೆ ಇಳಿಬಿಡಿ. ಸ್ಟ್ಯಾಂಡಿನ ಬುಡ ಹಗುರ, ಎರಡು ಇಟ್ಟಿಗೆ ಹೇರಿ. ಸೆಕೆ ಎಷ್ಟೇ ಇರಲಿ, ಫ್ಯಾನ್ ಆರಿಸಲೇಬೇಕು.

ಒಂದು ಗುಂಡನ್ನು ಅಡ್ಡದಾರಕ್ಕೆ ಲಂಬವಾಗಿ ಎಳೆದು ಬಿಡಿ. ಅದರ ತೂಗಾಟ ಇಳಿಯುತ್ತ ಬಂದಂತೆ ಪಕ್ಕದ್ದು ತೂಗತೊಡಗುತ್ತದೆ. ಕೊನೆಗೆ ಮೊದಲನೆಯದು ಒಂದು ಕ್ಷಣ ನಿಂತೇಬಿಡುತ್ತದೆ. ಜಪಾನಿನ ಟಿ2ಕೆ ಪ್ರಯೋಗ ಹುಡುಕಿದ್ದು ಈ ಕ್ಷಣವನ್ನೇ, ಅಂದರೆ ಒಂದು ಬಗೆಯ ನ್ಯೂಟ್ರಿನೊ ಹೆಚ್ಚುಕಡಿಮೆ ಪೂರ್ತಿ ಇನ್ನೊಂದಾಗುವ ಜಾಗವನ್ನು. ಕಿರಣ ಹೊರಡುವ ತೊಕೈನಿಂದ 295 ಕಿ.ಮೀ. ದೂರದ ಬೆಟ್ಟದಡಿ 50,000 ಟನ್ ನೀರಿನ ನ್ಯೂಟ್ರಿನೊ ಪತ್ತೆಯಂತ್ರ ಸೂಪರ್ ಕಮಿಯೊಕಾಂಡೆ ಮೊದಲೇ ಇತ್ತು, ದೂರ ಬದಲಿಸುವಂತಿರಲಿಲ್ಲ. ಹಾಗಾಗಿ ಮ್ಯುಯಾನ್ ಎಂಬ ಬಗೆಯ ನ್ಯೂಟ್ರಿನೊ ಕಿರಣವನ್ನು 2.5 ಡಿಗ್ರಿ ಓರೆಯಾಗಿಸಿ, ಶಕ್ತಿ 0.6 ಜಿಇವಿ (ಕಣಗಳ ಶಕ್ತಿಯ ಅಳತೆ) ಸುತ್ತ ಇರುವಂತೆ ಹೊಂದಿಸಿದರು. ಲೆಕ್ಕ ಬೋರ್ಡಿನ ಮೇಲೆ ಬರೆಯಿರಿ (1.27 ಏಕಮಾನ ಹೊಂದಿಸುವ ಸ್ಥಿರಾಂಕ, 0.0025 ಎರಡು ದ್ರವ್ಯರಾಶಿಗಳ ವರ್ಗಗಳ ವ್ಯತ್ಯಾಸ): 1.27 × 0.0025 × 295 ÷ 0.6 = 1.56. ಪೈಯ ಅರ್ಧ 1.57, ಈ ಕೋನದಲ್ಲಿ ಅದಲುಬದಲು ಪೂರ್ತಿ. ಗುಂಡು ನಿಲ್ಲುವುದು ಅಲ್ಲೇ!

ಇನ್ನು ಕೈಪಿಡಿ. ಎರಡು ಗುಂಡುಗಳೆಂದರೆ ಎರಡು ದ್ರವ್ಯರಾಶಿಗಳು ಎಂದು ಅಚ್ಚು ಹಾಕಿದ್ದಾರೆ. ಇದನ್ನು ಮಕ್ಕಳಿಗೆ ಹೇಳಲೇಬೇಡಿ. ಗುಂಡುಗಳು ಮ್ಯುಯಾನ್ ಮತ್ತು ಟೌ ಎಂಬ ನ್ಯೂಟ್ರಿನೊ ಬಗೆಗಳು. ಎರಡನ್ನೂ ಒಂದೇ ಕಡೆಗೆ ಎಳೆದು ಬಿಟ್ಟರೆ ಬರುವ ತೂಗಾಟ ಒಂದು ದ್ರವ್ಯರಾಶಿ ಸ್ಥಿತಿ (ನಿರ್ದಿಷ್ಟ ದ್ರವ್ಯರಾಶಿಯ ನ್ಯೂಟ್ರಿನೊ), ಎದುರುಬದುರು ಬಿಟ್ಟರೆ ಇನ್ನೊಂದು. ಇವುಗಳಲ್ಲಿ ಅದಲುಬದಲು ನಡೆಯುವುದಿಲ್ಲ. ಸ್ಟಾಪ್‌ವಾಚ್ ಹಿಡಿದು 20 ತೂಗಾಟ ಎಣಿಸಿ, ಎದುರುಬದುರಿನದು ಬೇಗ ಮುಗಿಯುತ್ತದೆ. ಆ ವ್ಯತ್ಯಾಸ ಇಲ್ಲದಿದ್ದರೆ ಅದಲುಬದಲೂ ಇಲ್ಲ. 1998ರಲ್ಲಿ ಆಂದೋಲನ ಕಂಡಾಗ ನ್ಯೂಟ್ರಿನೊಗೆ ದ್ರವ್ಯರಾಶಿ ಇದೆ ಎಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಇದರಿಂದಲೇ. 1965ರಲ್ಲೇ ವಾಯುಮಂಡಲದ ನ್ಯೂಟ್ರಿನೊ ಪತ್ತೆಯಾದ ಕೆಜಿಎಫ್ ಗಣಿಯ ಹೆಸರೂ ಕೈಪಿಡಿಯಲ್ಲಿಲ್ಲ, ಕರ್ನಾಟಕದ ಮಕ್ಕಳಿಗೆ ಅದು ಗೊತ್ತಿರಲೇಬೇಕು.

ಅಡ್ಡದಾರ ಬಿಗಿಯಾಗಿದ್ದು, ಒಂದು ಲೋಲಕ ಎರಡು ಸೆಂ.ಮೀ. ಉದ್ದವಾಗಿದ್ದರೆ ಮೊದಲ ಗುಂಡು ಪೂರ್ತಿ ನಿಲ್ಲುವುದಿಲ್ಲ. ಕೆಟ್ಟಿತೆಂದು ಬಿಚ್ಚಬೇಡಿ. ಒಂದು ಬಗೆಯಲ್ಲಿ ಎರಡು ದ್ರವ್ಯರಾಶಿ ಸ್ಥಿತಿಗಳು ಎಷ್ಟೆಷ್ಟು ಬೆರೆತಿವೆ ಎಂದು ಹೇಳುವ ಮಿಶ್ರಣ ಕೋನ 45 ಡಿಗ್ರಿಗಿಂತ ಕಡಿಮೆಯಾದರೆ ಆಗುವುದೂ ಹೀಗೇ, ಅದನ್ನೂ ತೋರಿಸಿ. ಎಲೆಕ್ಟ್ರಾನ್ ನ್ಯೂಟ್ರಿನೊ ತೋರಿಸಲು ಮೂರನೆಯ ಗುಂಡು ಬೇಕು, ಕಿಟ್ಟಿನಲ್ಲಿ ಅದಿಲ್ಲ. ಕೊಳ್ಳುವಾಗಲೇ ಅದೇ ತೂಕದ ಬಿಡಿ ಗುಂಡೊಂದನ್ನು ಕೇಳಿ ಪಡೆಯಿರಿ.