ಅಲೋಶಿಯಸ್ ಚಾಪೆಲ್‌ಗೆ ಹತ್ತು ನಿಮಿಷ ಸಾಲದು

ದಾವಣಗೆರೆಯಲ್ಲಿ 31 ವರ್ಷದಿಂದ ಬೋರ್ಡ್ ಬರೆಯುತ್ತಿದ್ದೇನೆ. ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಶಾಲೆಯ ಗೋಡೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಆದರೆ ಬ್ರಷ್ ಬಿಟ್ಟಿಲ್ಲ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಅವಳನ್ನು ನೋಡಲು ಹೋದಾಗಲೆಲ್ಲ ಒಂದು ದೇವಸ್ಥಾನ, ಒಂದು ಬೀಚು, ಮತ್ತೆ ಬಸ್ಸು. ಈ ಸಲ ಅವಳೇ, "ಅಪ್ಪಾ, ನೀನು ನೋಡ್ಲೇಬೇಕಾದ ಗೋಡೆ ಒಂದೈತಿ" ಅಂತ ಬಾವುಟಗುಡ್ಡದ ಅಲೋಶಿಯಸ್ ಚಾಪೆಲ್‌ಗೆ, ಅಂದರೆ ಕ್ರೈಸ್ತರ ಪ್ರಾರ್ಥನಾ ಮಂದಿರಕ್ಕೆ, ಕರೆದುಕೊಂಡು ಹೋದಳು.

ಹಂಪನಕಟ್ಟೆಯಿಂದ ನಡೆದೇ ಹತ್ತಬಹುದು. ಏರು ಇದೆ, ಸೆಕೆಯೂ ಇದೆ. ಬೆವರುತ್ತಲೇ ಗುಡ್ಡ ಹತ್ತಿದೆ. ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾದದ್ದು. ಚಾಪೆಲ್ ಅದರ ಆವರಣದಲ್ಲೇ ಇದೆ. ಹೊರಗಿನಿಂದ ನೋಡಿದರೆ ಒಳಗೆ ಇಂಥದ್ದಿದೆ ಅಂತ ಗೊತ್ತೇ ಆಗುವುದಿಲ್ಲ.

ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಖಾಲಿ ಜಾಗವೇ ಇಲ್ಲ. ಗೋಡೆ, ಕಮಾನು, ಸೂರು, ಎಲ್ಲ ಕಡೆ ಬಣ್ಣ. ಬಿಡಿಸಿದವರು ಅಂತೋನಿಯೊ ಮೊಸ್ಕೆನಿ, ಇಟಲಿಯಿಂದ ಬಂದ ಜೆಸುಯಿಟ್ ಬ್ರದರ್, ಅಂದರೆ ಯೇಸು ಸಭೆಯ ಕ್ರೈಸ್ತ ಸನ್ಯಾಸಿ. 1899ರ ಹೊತ್ತಿಗೆ ಕೆಲಸ ಹಿಡಿದು ಎರಡು ಚಿಲ್ಲರೆ ವರ್ಷದಲ್ಲಿ ಇಷ್ಟನ್ನೂ ಮುಗಿಸಿದರು. ಸ್ವಲ್ಪ ಭಾಗ ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ, ಉಳಿದದ್ದು ಹಸಿ ಗಾರೆಯ ಮೇಲಿನ ಚಿತ್ರ.

ಈ ಹಸಿ ಗಾರೆಯ ಕೆಲಸ ಎಷ್ಟು ಕಷ್ಟ ಅಂತ ಸ್ವಲ್ಪ ಹೇಳಲೇಬೇಕು. ಸುಣ್ಣದ ಗಾರೆ ಒದ್ದೆ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಆರುತ್ತಾ ಬಣ್ಣವನ್ನು ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಅದು ಇಷ್ಟು ವರ್ಷ ನಿಲ್ಲುವುದು. ಒಂದು ದಿನಕ್ಕೆ ಎಷ್ಟು ಬಿಡಿಸಲು ಸಾಧ್ಯವೋ ಅಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯಬೇಕು. ತಪ್ಪಾದರೆ ಒರೆಸುವಂತಿಲ್ಲ, ಕೆತ್ತಿ ತೆಗೆದು ಹೊಸದಾಗಿ ಬಳಿಯಬೇಕು. ಒದ್ದೆ ಇರುವಾಗ ಕಾಣುವ ಬಣ್ಣವೇ ಬೇರೆ, ಆರಿದ ಮೇಲೆ ಕಾಣುವುದೇ ಬೇರೆ. ನಾವು ಎನಾಮಲ್ ಪೇಂಟಿನಲ್ಲಿ ಅಕ್ಷರ ತಪ್ಪಿದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯುತ್ತೇವೆ. ಅವರಿಗೆ ಆ ಅನುಕೂಲ ಇರಲಿಲ್ಲ. ಅದೂ ಸಾರುವೆ ಮೇಲೆ, ಕುತ್ತಿಗೆ ಮೇಲೆತ್ತಿಕೊಂಡು, ಮಂಗಳೂರಿನ ಈ ಹವೆಯಲ್ಲಿ.

ಸೂರಿನ ನಡುವೆ ಸಂತ ಅಲೋಶಿಯಸ್‌ರ ಬದುಕಿನ ಕಥೆ ಇದೆ. ಇಳಿಜಾರಿನಲ್ಲಿ ಯೇಸುವಿನ ಶಿಷ್ಯರು. ನಾನು ಜಾಸ್ತಿ ಹೊತ್ತು ನೋಡಿದ್ದು ಆ ಶಿಷ್ಯರ ಬಟ್ಟೆಯ ನೆರಿಗೆಗಳನ್ನು. ಕೆಳಗಿನಿಂದ ನೋಡಿದರೆ ನಿಜವಾದ ಬಟ್ಟೆ ಇಳಿಬಿದ್ದ ಹಾಗಿದೆ. ಆ ಎತ್ತರದಲ್ಲಿ, ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, ಕೆಳಗಿನಿಂದ ಹೇಗೆ ಕಾಣುತ್ತದೆ ಅಂತ ಲೆಕ್ಕ ಹಾಕಿ ಬಿಡಿಸಬೇಕಲ್ವಾ? ದೊಡ್ಡ ಗೋಡೆ ಬರೆದವರಿಗೆ ಈ ಕಷ್ಟ ಗೊತ್ತು.

ಮಗಳು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. ಅಲೋಶಿಯಸ್ ದೊಡ್ಡ ಮನೆತನದ ಹುಡುಗ, ಆಸ್ತಿ ಬಿಟ್ಟು ಬಂದವನು, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ 23ನೇ ವಯಸ್ಸಿಗೇ ತೀರಿಕೊಂಡನಂತೆ. "ನಮ್ಮ ಕೆಲಸದವನೇ ಅಪ್ಪಾ" ಅಂದಳು. ಅವಳ ಮುಖ ನೋಡಿದೆ. ಮಾತು ಬರಲಿಲ್ಲ.

ನಾವು ಒಂದೂವರೆ ಗಂಟೆ ಕೂತಿದ್ದೆವು. ಅಷ್ಟರಲ್ಲಿ ಮೂರು ಗುಂಪು ಬಂದು ಹತ್ತು ಹತ್ತು ನಿಮಿಷಕ್ಕೆ ಹೋದವು. ದಯವಿಟ್ಟು ಹಾಗೆ ಮಾಡಬೇಡಿ. ಬೆಂಚಿನ ಮೇಲೆ ಸುಮ್ನೆ ಕೂತು, ತಲೆ ಹಿಂದಕ್ಕೆ ಒರಗಿಸಿ ನೋಡಿ. ಬೆಳಿಗ್ಗೆಯೇ ಹೋಗಿ. ಬಲಿಪೂಜೆ, ಅಂದರೆ ಕ್ರೈಸ್ತರ ಪ್ರಾರ್ಥನೆ, ನಡೆಯುವ ಜಾಗ ಅದು, ಮಾತು ಕಡಿಮೆ ಇರಲಿ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದೇ ಒಳ್ಳೆಯದು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನನ್ನೇ ಗಮನಿಸಿ, "ಎಂತ ಮಾರಾಯ್ರೆ, ಪೇಂಟ್ ಕೆಲಸದವರಾ ನೀವು? ಮುಂದಿನಿಂದ ನೋಡಿ ಆಯ್ತಲ್ಲ, ಹಿಂದಿನ ಗೋಡೆಯೂ ಉಂಟು, ತಿರುಗಿ ನೋಡಿ" ಅಂದರು. ಮಕ್ಕಳ ಜೊತೆಗಿರುವ ಯೇಸುವಿನ ಚಿತ್ರ ಇರುವುದು ಅಲ್ಲೇ. ಅವರು ಹೇಳದಿದ್ದರೆ ಅದನ್ನು ನೋಡದೆಯೇ ಹೋಗುತ್ತಿದ್ದೆ.

ಹೊರಗೆ ಟ್ಯಾಗೋರ್ ಪಾರ್ಕಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಇದೆ. 1837ರಲ್ಲಿ ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ರೈತರ ಮುಂದಾಳು. ಗುಡ್ಡಕ್ಕೆ ಹೆಸರು ಬಂದದ್ದೂ ಹಾಗೇ ಅನ್ನುತ್ತಾರೆ.

ಶಕ್ತಿ ಇದ್ದರೆ ಅಲ್ಲಿಂದ ಬಲ್ಮಠದವರೆಗೆ ನಡೆಯಿರಿ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪ್ರೆಸ್ಸಿನ ಜಾಗ ಅದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ಈ ಊರಿನಿಂದ, ಹರ್ಮನ್ ಮೋಗ್ಲಿಂಗ್ ಸಂಪಾದಕರು. ಆ ಪತ್ರಿಕೆ ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು ಅಂದರೆ ಅಕ್ಷರದ ಅಚ್ಚುಮೊಳೆ ಜೋಡಿಸುವುದಲ್ಲ. ಜಿಡ್ಡಿನ ಮಸಿಯಲ್ಲಿ ಒಬ್ಬರು ಕೈಯಿಂದ ಬರೆಯಬೇಕು, ಅದು ಕಲ್ಲಿಗೆ ಇಳಿದು ಅಚ್ಚಾಗುತ್ತದೆ. ಹಾಗಾದರೆ ಕನ್ನಡದ ಮೊದಲ ಪತ್ರಿಕೆಯ ಒಂದೊಂದು ಅಕ್ಷರವೂ ಯಾರದೋ ಕೈಬರಹ. ನನ್ನ ಕಸುಬಿನವರೊಬ್ಬರದ್ದು! ಅದು ಗೊತ್ತಾದಾಗ ಆದ ಸಂತೋಷ ಹೇಳಲಾರೆ. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ.

ದಾರಿಯ ಹಳೆಯ ಹೋಟೆಲೊಂದರಲ್ಲಿ ಬನ್ಸ್ ತಿಂದೆವು. ಬಿಸಿ ಇತ್ತು, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ಆಮೇಲೆ ಹಂಪನಕಟ್ಟೆಯ ಐಡಿಯಲ್‌ನಲ್ಲಿ ಒಂದು ಗಡ್‌ಬಡ್ ಐಸ್ ಕ್ರೀಮು, ಇಬ್ಬರಿಗೆ ಎರಡು ಚಮಚ. ಗುಡ್ಡ ಇಳಿದು ಬಂದವರಿಗೆ ಅದು ಬೇಕೇ ಬೇಕು.

ಮಗಳು ಹಾಸ್ಟೆಲಿಗೆ ಹೋದಳು. ನನ್ನ ಬಸ್ಸು ರಾತ್ರಿಗೆ. ನಾನು ಮತ್ತೆ ಗುಡ್ಡ ಹತ್ತಿದೆ. ಬಾಗಿಲು ಹಾಕುವ ಹೊತ್ತು ಹತ್ತಿರವಾಗಿತ್ತು, ಬೆಳಕು ಬೇರೆ ಕಡೆಯಿಂದ ಬೀಳುತ್ತಿತ್ತು. ಬೆಳಿಗ್ಗೆ ಕಾಣದಿದ್ದ ಒಂದು ನೆರಳಿನ ಗೆರೆ ಆ ನೆರಿಗೆಗಳಲ್ಲಿ ಈಗ ಕಂಡಿತು. ಜೇಬಿನಲ್ಲಿದ್ದ ಬಸ್ ಟಿಕೆಟಿನ ಹಿಂದೆ ಅದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ.